ಹತ್ತನೆಯ ಮೆಟ್ಟಿಲಿನ ರೊಟ್ಟಿ

ಇವತ್ತು ಬೆಳಿಗ್ಗೆ ಕುಷ್ಟಗಿಯ ಬಸ್‌ಸ್ಟ್ಯಾಂಡಿನಲ್ಲಿ ಇರಕಲ್ಲಗಡದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಮಿರ್ಚಿ ಕರಿಯುವ ವಾಸನೆ ಬಂತು. ಬಂತು ಎಂದರೆ ಕಡಿಮೆಯಾಯಿತು, ಬಂದು ಕೈ ಹಿಡಿದು ಎಳೆಯಿತು. ಕಡಲೆಹಿಟ್ಟಿನಲ್ಲಿ ಅದ್ದಿದ ಉದ್ದನೆಯ ಮೆಣಸಿನಕಾಯಿ ಕಾದ ಎಣ್ಣೆಗೆ ಇಳಿಯಿತೆಂದರೆ ನಮ್ಮ ಕಡೆಯವರ ಕಾಲು ತಾವಾಗಿಯೇ ಆ ದಿಕ್ಕಿಗೆ ತಿರುಗುತ್ತವೆ. ನನ್ನವೂ ತಿರುಗಿದವು. ಗಾಡಿಯವನು ನನ್ನ ಮುಖ ನೋಡಿದವನೇ ಕಾಗದ ಹರಿದು, "ಎರಡು ಕಟ್ಟಲೇನ್ರಿ ಅಕ್ಕಾರ, ಒಗ್ಗರಣಿ ಮಂಡಕ್ಕಿ ಜೋಡಿ?" ಎಂದ.

"ಬ್ಯಾಡಪ್ಪ," ಎಂದೆ.

"ಒಂದರ ತಿನ್ರಿ. ಏನೂ ಆಗಂಗಿಲ್ಲ."

ಈ "ಏನೂ ಆಗಂಗಿಲ್ಲ" ಎಂಬ ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಪೇಡೆಯ ಡಬ್ಬಿ ಹಿಡಿದು ಬರುವವರು ಇದನ್ನೇ ಹೇಳುತ್ತಾರೆ, ಮದುವೆಮನೆಯಲ್ಲಿ ಸೌಟು ಹಿಡಿದವರೂ ಇದನ್ನೇ ಹೇಳುತ್ತಾರೆ. ಆಗುವುದು ನನಗೆ, ಆಗುವುದಿಲ್ಲವೆಂದು ಜಾಮೀನು ನಿಲ್ಲುವವರು ಅವರು. ಮೂರು ವರ್ಷದಲ್ಲಿ ಇವರಲ್ಲಿ ಒಬ್ಬರೂ ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದು, ಕಕ್ಕಸಿನ ಬಾಗಿಲ ಹೊರಗೆ ನಿಂತು, "ನಿನ್ನೆ ನಾ ಹೇಳಿದ್ದು ತಪ್ಪಾತವ್ವಾ" ಎಂದು ಹೇಳಿಲ್ಲ.

ಕಕ್ಕಸಿನ ಮಾತು ಇಷ್ಟು ಬೇಗ ಬಂತೇ ಎಂದು ಮೂಗು ಮುಚ್ಚಬೇಡಿ. ನಾನು ಬರೆಯಹೊರಟಿರುವುದು ನನ್ನ ಹೊಟ್ಟೆಯ ಕತೆ. ಅದರಲ್ಲಿ ಆ ಕೋಣೆಯನ್ನು ಬಿಟ್ಟು ಬರೆದರೆ ದೇವರ ಕೋಣೆಯನ್ನು ಬಿಟ್ಟು ಮನೆ ತೋರಿಸಿದ ಹಾಗಾಗುತ್ತದೆ. ಒಂದು ಕಾಲಕ್ಕೆ ದಿನದಲ್ಲಿ ಹನ್ನೆರಡು ಸಲ ಅಲ್ಲಿಗೆ ಹೋಗಿ ಬಂದವಳು ನಾನು. ದೇವರ ಕೋಣೆಗೆ ಒಮ್ಮೆ ಹೋದರೆ ಹೆಚ್ಚು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎಂಟನೆಯ ತರಗತಿಗೆ ಜೀರ್ಣಾಂಗವ್ಯೂಹ ಕಲಿಸುವಾಗ ಹಲಗೆಯ ಮೇಲೆ ಸಣ್ಣ ಕರುಳನ್ನು ಬಿಳಿ ಸೀಮೆಸುಣ್ಣದಲ್ಲಿ, ದೊಡ್ಡ ಕರುಳನ್ನು ಕೆಂಪಿನಲ್ಲಿ ಬರೆಯುವುದು ನನ್ನ ಪದ್ಧತಿ. ಚಿತ್ರ ಚೆನ್ನಾಗಿ ಬರುತ್ತದೆಂದು ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಜಡ್ಡು ಶುರುವಾದ ವರ್ಷ ಪಾಠದ ನಡುವೆಯೇ ಕೆಂಪು ಸೀಮೆಸುಣ್ಣ ಕೆಳಗಿಟ್ಟು ಓಡಿದೆ. ವಾಪಸು ಬಂದಾಗ ಹುಡುಗಿಯರು ತಲೆ ತಗ್ಗಿಸಿ ಬರೆಯುತ್ತಿರುವ ಹಾಗೆ ನಟಿಸಿದರು. ಎಂಟನೆಯ ತರಗತಿಯಿಂದ ಶೌಚಾಲಯಕ್ಕೆ ಎಪ್ಪತ್ತೆರಡು ಹೆಜ್ಜೆ, ಒಂಬತ್ತನೆಯದರಿಂದ ತೊಂಬತ್ತು. ಮುಖ್ಯೋಪಾಧ್ಯಾಯರಿಗೆ ಕಾರಣ ಹೇಳದೆ ಒಂಬತ್ತನೆಯ ತರಗತಿ ಬಿಟ್ಟುಕೊಟ್ಟೆ. ರಕ್ತ ಕಂಡ ದಿನ ಮಾತ್ರ ಹೆಜ್ಜೆ ಎಣಿಸುವುದನ್ನು ಬಿಟ್ಟು ಗೋಡೆಗೆ ಒರಗಿ ಅತ್ತೆ.

ಹೊಟ್ಟೆನೋವು ಎಂದು ಬಾಯಿಬಿಟ್ಟರೆ ಸಾಕು, ನಮ್ಮಲ್ಲಿ ಹಾದಿಗೊಬ್ಬ ವೈದ್ಯ ಹುಟ್ಟುತ್ತಾನೆ. ಮೂಲವ್ಯಾಧಿ ಅಂದರು, ದೃಷ್ಟಿ ಅಂದರು. ಬಟ್ಟಿ ಸರಿದಿದೆ, ಹುಲಿಹೈದರದಲ್ಲಿ ಒಬ್ಬ ಮುದುಕಿ ಹೊಟ್ಟೆ ತಿಕ್ಕಿ ಹೊಕ್ಕುಳನ್ನು ಜಾಗಕ್ಕೆ ತರುತ್ತಾಳೆ ಎಂದರು. ವಿಜ್ಞಾನದ ಶಿಕ್ಷಕಿಯಾದ ನಾನು ಅಲ್ಲಿಗೂ ಹೋಗಿ ಹೊಟ್ಟೆ ತಿಕ್ಕಿಸಿಕೊಂಡು ಬಂದೆ. ನಗಬೇಡಿ. ಹನ್ನೆರಡು ಸಲ ಹೋಗಿ ಬಂದವರಿಗೆ ಹದಿಮೂರನೆಯದನ್ನು ತಪ್ಪಿಸುತ್ತೇನೆ ಎಂದವರೆಲ್ಲ ದೇವರೇ.

ಕೊನೆಗೆ ಗಂಗಾವತಿಯ ಒಂದು ಆಸ್ಪತ್ರೆಯಲ್ಲಿ ಒಳಗೆ ಕ್ಯಾಮೆರಾ ಬಿಟ್ಟು ನೋಡಿ, ದೊಡ್ಡ ಕರುಳಿನ ಒಳಗೋಡೆಗೆಲ್ಲ ಹುಣ್ಣಾಗಿದೆ ಎಂದರು. ಪೂರ್ತಿ ಹೋಗುವ ಜಡ್ಡಲ್ಲ, ಮಲಗಿಸಿ ಇಡಬೇಕಾದದ್ದು. ಗುಳಿಗೆ ಬಹಳ ವರ್ಷ ನುಂಗಬೇಕು. ಗುಳಿಗೆಗೂ ಊಟಕ್ಕೂ ಬಗ್ಗದಿದ್ದರೆ ಕರುಳನ್ನೇ ಕತ್ತರಿಸಬೇಕಾದೀತು. ಇಷ್ಟನ್ನು ಹೇಳಿ ಡಾಕ್ಟರು ನನ್ನನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿದ್ದವರು ಪಥ್ಯ ಹೇಳುವ ಮೇಡಂ. ಕಾಲುವೆಯ ಕಡೆ ವಲಸೆ ಬಂದ ಭತ್ತದ ರೈತರು ಕಟ್ಟಿಕೊಂಡ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವರು, ಮನೆಮಾತು ತೆಲುಗು. ಅವರ ಕನ್ನಡ ಮೆತ್ತಗೆ ಬೆಂದ ಅನ್ನದ ಹಾಗಿತ್ತು.

"ಹತ್ತು ಮೆಟ್ಟಿಲು ಅಮ್ಮಾ," ಎಂದು ಹಾಳೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಗೆರೆ ಎಳೆದರು. "ವಾರಕ್ಕೆ ಒಂದೇ ಹೊಸಾ ತಿನಿಸು. ಹೊಟ್ಟೆ ಸುಮ್ಮನಿದ್ರೆ ಮುಂದಿನ ಮೆಟ್ಟಿಲು. ಜಗಳ ತೆಗೆದ್ರೆ ಕೆಳಗೆ ಇಳೀಬೇಕು, ರಕ್ತ ಬಂದ್ರೆ ಮತ್ತೆ ಮೊದಲಿನಿಂದ. ಹಾರೋದು ಮಾತ್ರ ಬ್ಯಾಡ."

ಮೊದಲ ಮೆಟ್ಟಿಲಲ್ಲಿ ಹಳೆಯ ಅಕ್ಕಿಯ ಸೋಸಿದ ಗಂಜಿ ಇತ್ತು. ಮೇಲೆ ಹೋದಂತೆ ಹೆಸರುಬೇಳೆಯ ತಿಳಿ, ಸಿಪ್ಪೆ ಬೀಜ ತೆಗೆದ ಸೋರೆಕಾಯಿ, ಮಜ್ಜಿಗೆ, ಹೀಗೆ. ನಾನು ಬೆರಳಿಟ್ಟು ಹುಡುಕುತ್ತ ಹೋದೆ. ತುತ್ತತುದಿಯಲ್ಲಿ, ಹತ್ತನೆಯದಾಗಿ, ಜೋಳದ ರೊಟ್ಟಿ ಕೂತಿತ್ತು. ಮಿರ್ಚಿ ಯಾವ ಮೆಟ್ಟಿಲಲ್ಲೂ ಇರಲಿಲ್ಲ, ಅದು ಅಟ್ಟದ ಮೇಲಿರಬೇಕು.

"ರೊಟ್ಟಿ ತಿನ್ನಬಹುದಲ್ಲ, ಕೊನೆಗೆ?" ಎಂದು ಕೇಳಿದೆ.

"ನೋಡಬೇಕು ಅಮ್ಮಾ. ಕೆಲವರಿಗೆ ಆಗುತ್ತೆ. ಕೆಲವರಿಗೆ ಯಾವತ್ತೂ ಆಗೋದಿಲ್ಲ."

ಕತ್ತರಿಯ ಮಾತು ಕೇಳಿ ಅಳದವಳು ಈ ಮಾತಿಗೆ ಅತ್ತೆ. ಅವರಿಗೆ ಅರ್ಥವಾಗಲಿಲ್ಲ. ಅವರ ಊರಲ್ಲಿ ಕಣ್ಣು ಹಾಯಿಸಿದಷ್ಟೂ ಭತ್ತ, ದಿನಾ ಮೂರು ಹೊತ್ತು ಅನ್ನ. ನಾನು ಯಲಬುರ್ಗಾದ ಕಡೆಯ ಕಪ್ಪು ಹೊಲದ ಊರಿನವಳು. ನಮ್ಮಲ್ಲಿ ಊಟ ಮತ್ತು ರೊಟ್ಟಿ ಎರಡು ಮಾತಲ್ಲ. "ಏನು ಉಂಡ್ರಿ?" ಎಂದರೆ ಬದನೆಕಾಯಿ ಎನ್ನುತ್ತೇವೆ, ಹಿಟ್ಟಿನಪಲ್ಯ ಎನ್ನುತ್ತೇವೆ, ಪುಂಡಿಪಲ್ಯ ಎನ್ನುತ್ತೇವೆ. ರೊಟ್ಟಿಯ ಹೆಸರು ಹೇಳುವುದಿಲ್ಲ. ಉಸಿರಾಡಿದೆ ಎಂದು ಯಾರಾದರೂ ಬಿಡಿಸಿ ಹೇಳುತ್ತಾರೆಯೇ? ಅನ್ನ ನಮ್ಮ ಮನೆಗೆ ಬರುತ್ತಿದ್ದದ್ದು ಹಬ್ಬಕ್ಕೆ, ಬೀಗರು ಬಂದರೆ, ಇಲ್ಲವೇ ಯಾರಾದರೂ ಹಾಸಿಗೆ ಹಿಡಿದರೆ. ಅನ್ನ ಉಂಡೆದ್ದು ಅರ್ಧ ತಾಸಿಗೆ "ಇನ್ನ ಉಣ್ಣೂಣೇನು?" ಎಂದು ಕೇಳುವ ಜನ ನಾವು. ಹಾಗಾಗಿ ಆ ಹಾಳೆ ನನ್ನ ಕೈಗೆ ಬಂದ ದಿನವೇ ನನ್ನ ಪಂತ ಗೊತ್ತಾಯಿತು. ಕರುಳು ಉಳಿಯಬೇಕು, ಅದಂತೂ ಸರಿ. ಆದರೆ ನನಗೆ ಬೇಕಾದದ್ದು ಮತ್ತೆ ರೊಟ್ಟಿ ಮುರಿಯುವುದು. ಅದು ಸಿಗದೆ ಬದುಕಿದರೆ ಅದು ಬೇರೆ ಯಾರೋ ಹೆಂಗಸಿನ ಬದುಕು ಎಂದು ನನಗೆ ಅನಿಸಿತು.

ಮೊದಲ ವಾರಗಳಲ್ಲಿ ಮನೆಯಲ್ಲಿದ್ದವರು ನಾನು ಮತ್ತು ನನ್ನ ಗಂಡ. ಅವರು ಬೀಜದ ಅಂಗಡಿ ನಡೆಸುತ್ತಾರೆ, ಮಾತು ಕಡಿಮೆ. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಥರ್ಮಾಸಿಗೆ ತುಂಬಿ ಕೊಡುತ್ತಿದ್ದರು. ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಎಲ್ಲರ ಡಬ್ಬಿಗಳು ತೆರೆದಾಗ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ ಎಲ್ಲ ಒಟ್ಟಿಗೆ ಕೋಣೆಗೆ ಬರುತ್ತಿದ್ದವು. ಮೊದಲ ಎರಡು ದಿನ ಪ್ರಯೋಗಾಲಯದಲ್ಲಿ ಬಾಗಿಲು ಹಾಕಿಕೊಂಡು ಕುಡಿದೆ. ಮೂರನೆಯ ದಿನ ನನ್ನ ಮೇಲೆ ನನಗೇ ಸಿಟ್ಟು ಬಂತು. ಕದ್ದು ತಿನ್ನುವವರನ್ನು ಕಂಡಿದ್ದೇನೆ, ಕದ್ದು ಪಥ್ಯ ಮಾಡುವವರು ಎಲ್ಲಾದರೂ ಉಂಟೇ? ಥರ್ಮಾಸು ಹಿಡಿದು ಬಂದು ಮೇಜಿನ ನಟ್ಟನಡುವೆ ಕುಳಿತೆ. "ಪಾಪ" ಎಂದರು ಹಿಂದಿ ಟೀಚರು. "ಪಾಪ ಅನಬ್ಯಾಡ್ರಿ, ಚಟ್ನಿ ಡಬ್ಬಿ ಆಚೆ ಸರಸ್ರಿ, ನನಗ ಕಾಣಾಕತ್ತೈತಿ," ಎಂದೆ. ಅಂದಿನಿಂದ ಪಾಪ ನಿಂತಿತು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ಕಟ್ಟಿದವರು ನಮ್ಮ ಕಡೆ ಒಮ್ಮೆಯೂ ಪಂಕ್ತಿಯಲ್ಲಿ ಕೂತವರಲ್ಲ. ನಮ್ಮಲ್ಲಿ ಊಟ ಬಡಿಸುವವರ ಇಚ್ಛೆ. ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸುರಿಯುತ್ತಾರೆ. ಬೇಡ ಎಂಬುದು ಅವರ ಲೆಕ್ಕದಲ್ಲಿ ಬೇಡ ಅಲ್ಲ, ಇನ್ನೂ ಒತ್ತಾಯ ಮಾಡಿ ಎಂಬ ಕರೆ. ಇಂಥ ಬಡಿಸುವವರ ಕುಲದಲ್ಲಿ ಎಲ್ಲರಿಗಿಂತ ಎತ್ತರದವಳು ನನ್ನ ಅತ್ತಿ. ಅಪ್ಪನ ತಂಗಿಯೂ ಹೌದು, ಈಗ ಗಂಡನ ತಾಯಿಯೂ ಹೌದು. ಸೋದರತ್ತೆಯ ಮಗನನ್ನೇ ಮದುವೆಯಾದ್ದರಿಂದ ನನಗೆ ತವರಿನ ಮುದ್ದೂ ಅತ್ತೆಮನೆಯ ಅಂಕೆಯೂ ಒಬ್ಬಳ ಕೈಯಿಂದಲೇ ಸಿಗುತ್ತವೆ. ಊರಲ್ಲಿ ಸಣ್ಣ ಮಗನ ಜೊತೆ ಇದ್ದವಳು, ನಾನು ನಾಲ್ಕನೆಯ ಮೆಟ್ಟಿಲಲ್ಲಿದ್ದಾಗ ಒಂದು ಚೀಲ ಜೋಳ ಹೊರಿಸಿಕೊಂಡು ಬಂದಿಳಿದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಏನಾಗೀಯವ್ವಾ ಇದು, ಗಾಳಿಗೆ ಹಾರಿ ಹೋಗುವಂಗ. ಇನ್ನ ಅಡಗಿಮನಿ ನಂದು," ಎಂದಳು.

ಆ ಹೊತ್ತಿಗೆ ರಕ್ತ ನಿಂತಿತ್ತು. ಹನ್ನೆರಡು ಸಲ ಮೂರಕ್ಕೆ ಇಳಿದಿತ್ತು. ಅಡುಗೆಮನೆ ಬಿಟ್ಟುಕೊಟ್ಟದ್ದು ನನಗೂ ಹಗುರವೇ ಆಯಿತು. ಹಾಳೆಯನ್ನು ಗೋಡೆಗೆ ಅಂಟಿಸಿ, ಅಕ್ಷರ ಬಾರದ ಅತ್ತಿಗೆ ಒಂದೊಂದನ್ನೂ ಓದಿ ಹೇಳಿದೆ. ಆಕೆ ಎಲ್ಲಕ್ಕೂ ತಲೆಯಾಡಿಸಿದಳು. ಗಂಜಿ ಮೊದಲಿಗಿಂತ ಸ್ವಲ್ಪ ದಪ್ಪ ಬರತೊಡಗಿತು, ಬಣ್ಣ ಸ್ವಲ್ಪ ಬೂದು. ಹಳೆಯ ಅಕ್ಕಿಯಲ್ಲವೇ ಎಂದುಕೊಂಡೆ. ಹಲಗೆಯ ಮೇಲೆ ಪಿಷ್ಟದ ಪರೀಕ್ಷೆ ಕಲಿಸುವವಳ ಬುದ್ಧಿ ತನ್ನ ಬಟ್ಟಲಿನ ಹತ್ತಿರ ಬಂದಾಗ ಅಷ್ಟೇ.

ಆರನೆಯ ಮೆಟ್ಟಿಲಲ್ಲಿ ಎಲ್ಲವೂ ಕುಸಿಯಿತು. ಮತ್ತೆ ಓಟ, ಮತ್ತೆ ರಕ್ತ. ಅತ್ತಿಯನ್ನು ಕರೆದುಕೊಂಡು ಗಂಗಾವತಿಗೆ ಹೋದೆ. ಡಾಕ್ಟರು ಗುಳಿಗೆ ಹೆಚ್ಚಿಸಿದರು. ಮೇಡಂ ಒಂದೊಂದೇ ತಿನಿಸಿನ ಬಗ್ಗೆ ಕೇಳುತ್ತ ಬಂದು, ಅಡುಗೆ ಮಾಡುವವಳ ಕಡೆ ತಿರುಗಿದರು. "ಗಂಜಿಗೆ ಏನೇನು ಹಾಕ್ತೀರಿ ಅಮ್ಮಾ?"

"ಏನೂ ಇಲ್ಲರಿ," ಎಂದಳು ಅತ್ತಿ. "ಅಕ್ಕಿ, ನೀರು, ಉಪ್ಪು. ಮ್ಯಾಲ ಒಂದು ಹಿಡಿ ಜ್ವಾಳದ ಹಿಟ್ಟು."

ಮೇಡಂ ಪೆನ್ನು ಕೆಳಗಿಟ್ಟರು. "ಜೋಳ ಹತ್ತನೇ ಮೆಟ್ಟಿಲಲ್ಲಿದೆಯಲ್ಲಮ್ಮಾ."

"ಅಲ್ಲಿರೂದು ರೊಟ್ಟಿರಿ. ನಾ ರೊಟ್ಟಿ ಎಲ್ಲಿ ಹಾಕೀನಿ? ಹಿಟ್ಟು ಏನರ ತಿನಿಸೇನ್ರಿ? ಅದಿಲ್ದ ಮನಷ್ಯಾ ಹೆಂಗ ನಿಂದರತಾನ?"

ಆಕೆಯ ಮುಖದಲ್ಲಿ ಕಳ್ಳತನದ ಒಂದು ಗೆರೆಯೂ ಇರಲಿಲ್ಲ. ನೀರು ಹಾಕಿದೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದ್ದಳು. ಇದರಿಂದಲೇ ಆಯಿತೆಂದು ಹೇಳಲಾಗದು, ಆದರೆ ಹುಣ್ಣಿನ ಕರುಳಿಗೆ ಇದು ಬೇಡವಾಗಿತ್ತು ಎಂದು ಮೇಡಂ ಮೆಲ್ಲಗೆ ಹೇಳಿ, ಹಾಳೆಯ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟರು. ಮತ್ತೆ ಒಂದು.

ವಾಪಸಿನ ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. ಕನಕಗಿರಿಯ ತನಕ ಬೈದೆ. ಹಿರಿಯಳು, ತಂದೆಯ ತಂಗಿ ಎಂಬುದನ್ನೆಲ್ಲ ಬದಿಗಿಟ್ಟು ಬೈದೆ. "ನನ್ನ ಹೊಟ್ಟಿ ಇದು ಅತ್ತಿ. ನಿನ್ನ ಒಲಿ ಅಲ್ಲ, ಕಂಡದ್ದು ಹಾಕಾಕ. ನಾಳಿಯಿಂದ ನನ್ನ ಗಂಜಿ ನಾ ಮಾಡಕೋತೀನಿ, ನನ್ನ ಬೋಗುಣಿ ನೀ ಮುಟ್ಟಬ್ಯಾಡ." ಮುಂದಿನ ಸೀಟಿನವರು ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.

ತಾವರಗೇರಾ ದಾಟಿದ ಮೇಲೆ ಅತ್ತಿ ಬಾಯಿಬಿಟ್ಟಳು. "ನಿಮ್ಮವ್ವನ್ನ ಹಿಂಗಽ ಅನ್ನದ ಮ್ಯಾಲ ಇಟ್ಟಿದ್ರು. ನೀ ಆಗ ಸಣ್ಣಾಕಿ. ದಿನಾ ನಾನಽ ಗಂಜಿ ಕುಡಸ್ತಿದ್ದೆ. ಒಂದಿನಾ ನನ್ನ ಕೈ ಹಿಡದು, ಯವ್ವಾ, ಒಂದು ತುಣುಕು ರೊಟ್ಟಿ ಕೊಡು ಅಂದಳು. ನಾ ಕೊಡಲಿಲ್ಲ. ಡಾಕ್ಟರ್ ಬ್ಯಾಡ ಅಂದಾರ ಅಂದೆ. ಮೂರು ದಿನಕ್ಕ ಹೋದಳು." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅನ್ನ ನೋಡಿದ್ರ ನನಗ ಅಂಜಿಕಿ ಬರತೈತಿ ಯವ್ವಾ. ಅನ್ನ ತಿನಕೋಂತ ಮಲಗಿದವರು ನಮ್ಮ ಮನ್ಯಾಗ ಯಾರೂ ಎದ್ದಿಲ್ಲ."

ಅವ್ವನ ಜಡ್ಡು ಬೇರೆ, ನನ್ನದು ಬೇರೆ. ಅವ್ವ ಹೋದದ್ದು ಅಕ್ಕಿಯಿಂದಲೂ ಅಲ್ಲ, ರೊಟ್ಟಿ ಇಲ್ಲದ್ದರಿಂದಲೂ ಅಲ್ಲ. ಇದನ್ನೆಲ್ಲ ವಿಜ್ಞಾನದ ಶಿಕ್ಷಕಿ ವಿವರಿಸಬಹುದಿತ್ತು. ನನ್ನ ಗಂಟಲಿನಿಂದ ಬಂದದ್ದು ಒಂದೇ ಮಾತು. "ನಾ ಅವ್ವ ಅಲ್ಲ ಅತ್ತಿ. ನಾ ಏಳತೀನಿ." ಹೇಳಿದಾಗ ನನಗೇ ನಂಬಿಕೆ ಇರಲಿಲ್ಲ. ಆದರೆ ಹೇಳಿದ ಮೇಲೆ ಹಿಂತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ಮರುದಿನದಿಂದ ನನ್ನ ಬೋಗುಣಿ ಬೇರೆ, ನನ್ನ ಸೌಟು ಬೇರೆ. ಅತ್ತಿ ಮುನಿಸಿಕೊಂಡು ಊರಿಗೆ ಹೋಗುತ್ತಾಳೆಂದು ಗಂಡ ಹೆದರಿದ್ದರು. ಹೋಗಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ನಾನು ಗಂಜಿ ಕುದಿಸುವುದನ್ನು ನೋಡುತ್ತಿದ್ದಳು. ಎರಡನೆಯ ವಾರ ಮೆಲ್ಲಗೆ ಕೇಳಿದಳು, "ಈಗ ಎಷ್ಟನೇದು?" ಎರಡು ಎಂದೆ. ಅದೇ ಅಭ್ಯಾಸವಾಯಿತು. ಓಣಿಯವರು ನನ್ನ ಬಗ್ಗೆ ಕೇಳಿದರೆ, "ನಾಕನೇತ್ತದಾಗ ಅದಾಳ," ಎನ್ನುವಳು, ಮಗು ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ಹಾಗೆ. ಏಳಕ್ಕೆ ಬಂದಾಗ, "ಏಳನೇದು ಪಾಸಾತು, ಮುಲ್ಕಿ ಪರೀಕ್ಷಾ ಆದಂಗ," ಎಂದು, ಹಿಂದಿನ ಕಾಲದ ಏಳನೆಯ ತರಗತಿಯ ದೊಡ್ಡ ಪರೀಕ್ಷೆಯನ್ನು ನೆನೆದು, ಎದುರುಮನೆಗೆ ಸಕ್ಕರೆ ಹಂಚಿ ಬಂದಳು. ಆ ನಡುವೆ ಒಮ್ಮೆ ನಾನೇ ಮೂರ್ಖತನ ಮಾಡಿದೆ. ಹುಲಿಗಿಗೆ ಹೋದಾಗ ಹೊಳೆಯ ದಂಡೆಯಲ್ಲಿ ಯಾರೋ ಪರಿಚಯದವರು ಕೊಟ್ಟ ಹಸಿ ಸೌತೆಕಾಯಿಯನ್ನು, ನೀರೇ ತಾನೇ ಎಂದು ತಿಂದು ಎರಡು ಮೆಟ್ಟಿಲು ಜಾರಿದೆ. "ಅತ್ತಿಯನ್ನ ಬೈದಿ, ಈಗ ಯಾರನ್ನ ಬೈತಿ?" ಎಂದು ಆಕೆ ಕೇಳಿದಳು.

ಹೀಗೆ ಏರಿ ಇಳಿದು ಒಂಬತ್ತಕ್ಕೆ ಬಂದು ನಿಂತೆ. ನಿಂತು ಎಂಟು ತಿಂಗಳಾಯಿತು. ಅನ್ನ, ಬೇಳೆ, ಬೇಯಿಸಿದ ಸೊಪ್ಪು, ಗೋಧಿಯ ಮೆತ್ತನೆ ಚಪಾತಿ ಎಲ್ಲ ಹೊಟ್ಟೆ ಒಪ್ಪಿಕೊಂಡಿದೆ. ಒಂಬತ್ತನೆಯ ತರಗತಿಯನ್ನೂ ಮರಳಿ ತೆಗೆದುಕೊಂಡೆ, ತೊಂಬತ್ತು ಹೆಜ್ಜೆ ಇದ್ದರೆ ಇರಲಿ ಎಂದು. ಕಳೆದ ಸಲ ಹೋದಾಗ ಮೇಡಂ, "ಇನ್ನು ಅರ್ಧ ರೊಟ್ಟಿ ನೋಡಬಹುದು ಅಮ್ಮಾ, ತೆಳ್ಳಗೆ, ಬಿಸಿಯಾಗಿ. ಧೈರ್ಯ ಬಂದ ದಿನ," ಎಂದಿದ್ದರು. ಬರಲಿಲ್ಲ ಧೈರ್ಯ. ಎಲ್ಲರಿಗೂ ಎದುರು ಮಾತಾಡುವ ನಾನು ಒಂದು ರೊಟ್ಟಿಗೆ ಹೆದರಿದೆ. ತಿನ್ನದೆ ಇರುವಷ್ಟು ದಿನ ರೊಟ್ಟಿ ಮೇಲೆಲ್ಲೋ ನನಗಾಗಿ ಇದೆ. ತಿಂದು ಆಗದಿದ್ದರೆ ಮುಗಿಯಿತು, ಯಾವತ್ತೂ ಆಗದ ಆ ಕೆಲವರ ಸಾಲಿನಲ್ಲಿ ನಾನೂ ಒಬ್ಬಳು.

ಇರಕಲ್ಲಗಡದಲ್ಲಿ ಇವತ್ತು ನಾದಿನಿಯ ಮಗಳ ಕುಬಸ, ಬಸುರಿಗೆ ಸೀರೆ ಉಡಿಸಿ ಬುತ್ತಿ ಉಣಿಸುವ ಕಾರ್ಯ. ಗಂಡ ಬುತ್ತಿಯ ಗಂಟುಗಳ ಜೊತೆ ಟೆಂಪೋದಲ್ಲಿ ಮೊದಲೇ ಹೋಗಿದ್ದರು. ನಾನೂ ಅತ್ತಿಯೂ ಬಸ್ಸಿನಲ್ಲಿ ಹೋದೆವು. ಮಧ್ಯಾಹ್ನ ಹೆಂಗಸರ ಪಂಕ್ತಿ ಕೂತಿತು. ಬೀಗರ ಮನೆಯ ಇಬ್ಬರು ಹೆಂಗಸರು, ಒಬ್ಬಳು ಬುಟ್ಟಿ ತುಂಬ ಬಿಸಿ ರೊಟ್ಟಿ, ಇನ್ನೊಬ್ಬಳು ಎಣ್ಣೆಗಾಯಿಯ ಪಾತ್ರೆ ಹಿಡಿದು ಸಾಲಿನ ಆ ತುದಿಯಿಂದ ಬಂದರು. ಒಬ್ಬೊಬ್ಬರ ಮುಂದೆಯೂ ಅದೇ ಜಗಳ, ಅದೇ ನಗು. ನನ್ನ ಎದುರು ಬಂದು ರೊಟ್ಟಿಯ ಕೈ ಕೆಳಗಿಳಿಯಿತು. ನಾನು ಬಾಯಿ ತೆರೆಯುವ ಮೊದಲೇ ನನ್ನ ತಾಟಿನ ಮೇಲೆ ಒಂದು ಕೈ ಬಂತು. ಐದೂ ಬೆರಳು ಕೂಡಿಸಿ, ಸಂದಿಯಿಲ್ಲದ ಹಾಗೆ ಹರಡಿದ ಕೈ. ಬಲಗಡೆ ಕೂತ ಅತ್ತಿಯದು.

"ಆಕಿಗೆ ಹಾಕಬ್ಯಾಡ್ರಿ."

"ಅಯ್ಯ, ಒಂದರ್ಧ ಹಾಕತೀನ್ರಿ ದೊಡ್ಡವ್ವಾರ, ಏನೂ ಆಗಂಗಿಲ್ಲ."

"ಆಗತೈತೋ ಇಲ್ಲೋ ಆಕಿಗೆ ಗೊತ್ತೈತಿ. ಆಕಿ ಬ್ಯಾಡ ಅಂದ್ರ ಬ್ಯಾಡ. ಮುಂದ ಹೋಗ್ರಿ."

ಜೀವಮಾನವಿಡೀ ಊರಿನ ತಾಟುಗಳ ಮೇಲೆ ಸುರಿದವಳು ಬೀಗರ ಮನೆಯಲ್ಲಿ, ತುಂಬಿದ ಪಂಕ್ತಿಯಲ್ಲಿ, ಹೀಗೆ ಹೇಳಿದಳು. ಯಾಕೋ ಗೊತ್ತಿಲ್ಲ, ಎಂಟು ತಿಂಗಳು ಬಾರದ ಧೈರ್ಯ ನನಗೆ ಆಗ ಬಂತು. ಯಾರೂ ನನ್ನನ್ನು ತಳ್ಳುತ್ತಿಲ್ಲದಿದ್ದಾಗ ಮಾತ್ರ ನಾನು ಮುಂದೆ ಹೆಜ್ಜೆ ಇಡುವ ಜಾತಿಯವಳಿರಬೇಕು. ಅತ್ತಿಯ ಕೈಯನ್ನು ಹಿಡಿದು ಮೆಲ್ಲಗೆ ತಾಟಿನ ಮೇಲಿಂದ ಸರಿಸಿದೆ.

"ನಾ ಇನ್ನಾ ಬ್ಯಾಡ ಅಂದಿಲ್ಲ ಅತ್ತಿ," ಎಂದೆ. ಬುಟ್ಟಿಯವಳಿಗೆ, "ಅರ್ಧ ಹಾಕ್ರಿ. ತೆಳ್ಳಂದು ನೋಡಿ. ಪಲ್ಯ ಬ್ಯಾಡ, ಒಂದೀಟು ಮಸರು ಸಾಕು."

ಅರ್ಧ ರೊಟ್ಟಿಯನ್ನು ಮುಕ್ಕಾಲು ತಾಸು ತಿಂದೆ. ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂತಿತು, ನಾನು ಅಗಿಯುತ್ತಲೇ ಇದ್ದೆ. ರುಚಿ ಹೇಗಿತ್ತು ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಉಸಿರಾಡಿದ್ದು ಹೇಗಿತ್ತು ಎಂದು ಮುಳುಗಿ ಎದ್ದವರನ್ನು ಕೇಳಿ. ಬುಟ್ಟಿಯವಳು ಎರಡನೆಯ ಸುತ್ತಿಗೆ ಬಂದಾಗ ಬ್ಯಾಡ ಎಂದೆ. ಅವಳು ಒಮ್ಮೆ ಅತ್ತಿಯ ಮುಖ ನೋಡಿ ಮುಂದೆ ಹೋದಳು.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಅತ್ತಿ ಕಿಟಕಿಯ ಕಡೆ ಕೂತಿದ್ದಳು. ಟಿಕೀಟನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ ಕೇಳಿದಳು, "ಹೊಟ್ಟಿ ಹೆಂಗೈತಿ?"

"ಈಗಽ ಗೊತ್ತಾಗಂಗಿಲ್ಲ. ನಾಳಿ ನಾಡದ ನೋಡಬೇಕು."

"ಏನರ ಆದ್ರ?"

"ಆದ್ರ ಮತ್ತ ಒಂದನೇತ್ತಕ್ಕ ಹೋಗಿ ಕುಂದರತೀನಿ. ಆಮ್ಯಾಲ ಮತ್ತ ಏರತೀನಿ. ಎಷ್ಟು ಸಲ ಇಳಸ್ತೈತಿ ಇಳಸಲಿ. ನಾ ಬಿಡಾಕಿ ಅಲ್ಲ."

ಕುಷ್ಟಗಿ ಹತ್ತಿರ ಬಂದಾಗ ಅತ್ತಿ ನನ್ನ ಕಡೆ ತಿರುಗಿದಳು.

"ಮನ್ಯಾಗ ಗಂಜಿಗೆ ಅಕ್ಕಿ ಐತಿಲ್ಲ?"

"ಐತಿ."

"ಹಂಗಾರ ಅಂಜಿಕಿಲ್ಲ ಬಿಡು," ಎಂದಳು ಅತ್ತಿ.